ವಾಲೈ ಹಿಡಿಯೋದಾ, ಮಸ್ಕಿ ಹಿಂದೆ ಬೀಳೋದಾ? ಆಗಸ್ಟ್ ಕೊನೆಯಲ್ಲಿ ಲೇಕ್ ಆಫ್ ದ ವುಡ್ಸ್‌ಗೆ ಹೊರಟವರಿಗೆ

ಮಿನೆಸೋಟದ ಉತ್ತರ ಗಡಿಯಲ್ಲಿ, ರೈನಿ ನದಿಯ ದಡದಲ್ಲಿ ಬಾಡೆಟ್ ಅಂತ ಒಂದು ಊರಿದೆ. ಅಲ್ಲಿ 40 ಅಡಿ ಉದ್ದದ ವಾಲೈ ಮೀನಿನ ಪ್ರತಿಮೆ ನಿಂತಿದೆ. 1959ರದ್ದು, ಹೆಸರು ವಿಲ್ಲಿ. ಲೇಕ್ ಆಫ್ ದ ವುಡ್ಸ್ ಸರೋವರ ದಾಟಿ ಉತ್ತರ ತುದಿಗೆ ಹೋದರೆ ಕೆನಡಾದ ಕೆನೋರಾ. ಅಲ್ಲೂ 40 ಅಡಿಯ ಒಂದು ಮೀನು ನಿಂತಿದೆ. ಆದರೆ ಅದು ಮಸ್ಕಿ, 1967ರದ್ದು, ಹೆಸರು ಹಸ್ಕಿ. ಯಾವ ತುದಿಯಲ್ಲಿ ಯಾವ ಮೀನು ಅನ್ನುವುದಕ್ಕೆ ಇವೆರಡಕ್ಕಿಂತ ದೊಡ್ಡ ಬೋರ್ಡು ಬೇಕಾಗಿಲ್ಲ.

ಮಿನಿಯಾಪೊಲಿಸ್ ಕಡೆಯಿಂದ ಬೇಸಿಗೆಯ ಕೊನೆಗೆ ಹೊರಡುವ ನಮ್ಮವರು ಸಾಮಾನ್ಯವಾಗಿ ಮೊದಲು ರಿಸಾರ್ಟ್ ಬುಕ್ ಮಾಡುತ್ತಾರೆ. ಆಮೇಲೆ ಯಾವ ಮೀನು ಹಿಡಿಯೋಣ ಅಂತ ಕೇಳುತ್ತಾರೆ. ಬೇರೆ ಲೇಕ್‌ಗಳಲ್ಲಿ ಇದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಇಲ್ಲಿ ಮೀನು ಮೊದಲು, ರೂಮು ಆಮೇಲೆ. ಯಾಕೆ ಅಂತ ಹೇಳುತ್ತೇನೆ.

ಒಂದೇ ಸರೋವರ, ಎರಡು ಥರ ನೀರು

ದಕ್ಷಿಣ ಭಾಗಕ್ಕೆ ಬಿಗ್ ಟ್ರಾವರ್ಸ್ ಅನ್ನುತ್ತಾರೆ. ಮಿನೆಸೋಟಕ್ಕೆ ಸೇರಿದ ನೀರಿನ ದೊಡ್ಡ ಪಾಲು ಇದೇ. ಕಣ್ಣು ಹಾಯಿಸಿದಷ್ಟೂ ಬಯಲು ನೀರು, ನಡುವೆ ಹೇಳಿಕೊಳ್ಳುವಂಥ ದ್ವೀಪಗಳಿಲ್ಲ. ಆಳ ಹೆಚ್ಚೆಂದರೆ 35 ಅಡಿಯ ಆಸುಪಾಸು. ತಳ ಮಣ್ಣು, ಮಟ್ಟಸ. ನೀರು ಕಂದುಬಣ್ಣಕ್ಕೆ ತಿರುಗಿರುತ್ತದೆ.

ಉತ್ತರಕ್ಕೆ ಹೋದಂತೆ ಚಿತ್ರವೇ ಬದಲು. 14,000ಕ್ಕೂ ಹೆಚ್ಚು ದ್ವೀಪಗಳು, ಬಂಡೆ, ಕಿರಿದಾದ ಕಾಲುವೆಗಳು, ಹೆಚ್ಚು ಆಳ, ಹೆಚ್ಚು ತಿಳಿ ನೀರು. ಇದರಲ್ಲಿ ಬಹುಪಾಲು ಒಂಟಾರಿಯೊಗೆ ಸೇರಿದ್ದು. ಪಶ್ಚಿಮದ ಒಂದು ತುಣುಕು ಮ್ಯಾನಿಟೋಬಾಕ್ಕೆ. ಮಿನೆಸೋಟಕ್ಕೆ ಸೇರಿದ ನಾರ್ತ್‌ವೆಸ್ಟ್ ಆಂಗಲ್ ಕೂಡ ಈ ಕಡೆಯೇ ಇದೆ.

ಆಗಸ್ಟ್ ಕೊನೆಯ ಹೊತ್ತಿಗೆ ವಾಲೈ ಮೀನುಗಳಲ್ಲಿ ಹೆಚ್ಚಿನವು ದಡ ಬಿಟ್ಟು ಬಿಗ್ ಟ್ರಾವರ್ಸ್‌ನ ಮಣ್ಣಿನ ತಳಕ್ಕೆ ಇಳಿದಿರುತ್ತವೆ. 28ರಿಂದ 33 ಅಡಿ ಆಳದಲ್ಲಿ ಗುಂಪು ಗುಂಪಾಗಿ ತಿರುಗುತ್ತವೆ. ಮಸ್ಕಿಗೆ ಈ ಬಯಲು ಬೇಡ. ಅದಕ್ಕೆ ಅವಿತು ಕೂರುವ ಜಾಗ ಬೇಕು: ಬಂಡೆಯ ಅಂಚು, ನೀರುಸಸಿಗಳ ಮರೆ, ಗಾಳಿ ಬಂದು ಬಡಿಯುವ ದ್ವೀಪದ ಮೂತಿ. ಅದು ಗುಂಪು ಕಟ್ಟುವ ಮೀನೂ ಅಲ್ಲ. ಎರಡರ ನಡುವೆ ದೋಣಿಯಲ್ಲಿ ದೊಡ್ಡ ದಾರಿಯೇ ಇದೆ. ಬಾಡೆಟ್ ಪಕ್ಕದ ವೀಲರ್ಸ್ ಪಾಯಿಂಟ್‌ನಲ್ಲೋ ವಾರೋಡ್‌ನಲ್ಲೋ ಉಳಿದುಕೊಂಡು ಮಸ್ಕಿ ಕನಸು ಕಂಡರೆ ದಿನದ ಅರ್ಧ ಪೆಟ್ರೋಲು ಸುಡುವುದರಲ್ಲೇ ಹೋಗುತ್ತದೆ.

ಇಲ್ಲಿ ನಮ್ಮ ಜನಕ್ಕೆ ಮಾತ್ರ ಬರುವ ಒಂದು ತೊಡಕಿದೆ. ಆಂಗಲ್‌ಗೆ ರಸ್ತೆಯಲ್ಲಿ ಹೋಗಬೇಕಾದರೆ ಮ್ಯಾನಿಟೋಬಾ ದಾಟಲೇಬೇಕು. ಭಾರತದ ಪಾಸ್‌ಪೋರ್ಟ್, ಎಚ್-1ಬಿ ಇರುವವರಿಗೆ ಕೆನಡಾ ವೀಸಾ ಬೇಕು, ವಾಪಸ್ ಬರುವಾಗ ಅಮೆರಿಕದ ಕಾಗದಪತ್ರವೂ ಸರಿ ಇರಬೇಕು. ದಕ್ಷಿಣ ದಡದಿಂದ ದೋಣಿಯಲ್ಲೇ, ಮಿನೆಸೋಟದ ನೀರು ಬಿಡದೆ ಆಂಗಲ್ ಸೇರಬಹುದು. ಅಲ್ಲಿನ ಓಕ್ ಐಲ್ಯಾಂಡ್, ಫ್ಲಾಗ್ ಐಲ್ಯಾಂಡ್ ಸುತ್ತ ಮಸ್ಕಿಗೆ ಗಾಳ ಹಾಕಲೂಬಹುದು. ಆದರೆ ನೀರಿನ ಮೇಲೆ ಗಡಿಯ ಗೆರೆ ಯಾರೂ ಎಳೆದಿಲ್ಲ. ದೋಣಿಯ ಜಿಪಿಎಸ್‌ನಲ್ಲಿ ಮಾತ್ರ ಅದು ಕಾಣುತ್ತದೆ. ಅದನ್ನು ದಾಟಿ ಗಾಳ ಹಾಕಿದರೆ ಒಂಟಾರಿಯೊ ಲೈಸೆನ್ಸ್ ಬೇಕು, ನಿಯಮಗಳೂ ಅಲ್ಲಿನವೇ. ವೀಸಾ ವಿಷಯದಲ್ಲಿ ಸ್ವಲ್ಪ ಅನುಮಾನ ಇದ್ದರೂ ದಕ್ಷಿಣದಲ್ಲೇ ಉಳಿಯಿರಿ, ವಾಲೈ ಹಿಡಿಯಿರಿ. ಮೀನಿಗಾಗಿ ಇಮಿಗ್ರೇಷನ್ ತಲೆನೋವು ಯಾಕೆ ಬೇಕು ಹೇಳಿ.

ವಾಲೈ ಅಂದರೆ ಊಟ, ಮಾತು, ಕೆಲಸವೂ ಇದೆ

ವಾಲೈ ನೋಡಲು ಹಳದಿ ಮಿಶ್ರಿತ ಹಸಿರು ಬಣ್ಣ, ಬಾಲದ ಕೆಳತುದಿಯಲ್ಲಿ ಬಿಳಿ ಚುಕ್ಕೆ. ಜೊತೆಗೆ ಬರುವ ಸಾಗರ್ ಅನ್ನುವ ಅದರ ದಾಯಾದಿಗೆ ಈ ಬಿಳಿ ಚುಕ್ಕೆ ಇರುವುದಿಲ್ಲ, ಬೆನ್ನಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ. ಎಷ್ಟು ಮೀನು ಇಟ್ಟುಕೊಂಡಿರಿ ಅನ್ನುವ ಲೆಕ್ಕದಲ್ಲಿ ಎರಡನ್ನೂ ಎಣಿಸಲೇಬೇಕಾದ್ದರಿಂದ ಈ ವ್ಯತ್ಯಾಸ ಗೊತ್ತಿರಲಿ.

ವಾಲೈನ ವಿಶೇಷ ಇರುವುದು ಕಣ್ಣಿನಲ್ಲಿ. ಕಣ್ಣಿನ ಒಳಪದರದ ಹಿಂದೆ ಬೆಳಕನ್ನು ಮತ್ತೆ ಹೊರಕ್ಕೆ ತಿರುಗಿಸುವ ಒಂದು ಪೊರೆ ಇದೆ. ರಾತ್ರಿ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣು ಹೊಳೆಯುವುದೂ ಇಂಥ ಪೊರೆಯಿಂದಲೇ. ಮಬ್ಬು ಬೆಳಕಿನಲ್ಲಿ ಬೇರೆ ಮೀನಿಗೆ ಕಾಣದ್ದು ಇದಕ್ಕೆ ಕಾಣುತ್ತದೆ. ಅದಕ್ಕೇ ತಿಳಿನೀರಿನ ಲೇಕ್‌ಗಳಲ್ಲಿ ವಾಲೈ ಬೆಳಗಿನ ಜಾವ ಮತ್ತು ಮುಸ್ಸಂಜೆಯ ಮೀನು. ನಡುಮಧ್ಯಾಹ್ನ ಹೋದರೆ ಕೈ ಖಾಲಿ. ಬಿಗ್ ಟ್ರಾವರ್ಸ್‌ನಲ್ಲಿ ಮಾತ್ರ ಈ ಲೆಕ್ಕ ಸಡಿಲ. ನೀರೇ ಕಂದು, ಮೇಲೆ 30 ಅಡಿ ಆಳ. ತಳದಲ್ಲಿ ಇಡೀ ದಿನ ಮುಸ್ಸಂಜೆಯೇ. ಹತ್ತು ಗಂಟೆಗೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟವರಿಗೂ ಮೀನು ಸಿಗುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಹೋಗುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹಿಡಿಯುವುದು ಹೇಗೆ? ಆಗಸ್ಟ್‌ನಲ್ಲಿ ಎರಡು ದಾರಿ. ಮೊದಲನೆಯದು ಸ್ಪಿನ್ನರ್ (ನೀರಿನಲ್ಲಿ ತಿರುಗುವ ಪುಟ್ಟ ತಗಡು) ಕಟ್ಟಿ, ಅದರ ಹಿಂದಿನ ಕೊಕ್ಕೆಗೆ ಎರೆಹುಳು ಪೋಣಿಸಿ, ತಳಕ್ಕೆ ತಾಗುತ್ತಾ ಸಾಗುವ ಸೀಸದ ಭಾರದ ಜೊತೆ ಎಳೆಯುವುದು. ಭಾರದ ಲೆಕ್ಕ ಸುಲಭ: 10 ಅಡಿ ಆಳಕ್ಕೆ 1 ಔನ್ಸ್, ಅಂದರೆ 30 ಅಡಿಗೆ 3 ಔನ್ಸ್. ದೋಣಿಯ ವೇಗ ಗಂಟೆಗೆ 1 ಮೈಲಿ ಸುತ್ತಮುತ್ತ. ಬಣ್ಣದಲ್ಲಿ ಇಲ್ಲಿ ಚಿನ್ನದ ಬಣ್ಣಕ್ಕೇ ಪಟ್ಟ. ಬೇರೆ ಏನೇ ತಂದರೂ ಒಂದು ಗಾಳಕ್ಕೆ ಚಿನ್ನದ ಬಣ್ಣದ ತಗಡು ಇರಲಿ. ಎರಡನೆಯದು ಕ್ರ್ಯಾಂಕ್‌ಬೈಟ್. ಮೀನಿನ ಆಕಾರದ ಗೊಂಬೆಯನ್ನು ಗಂಟೆಗೆ 2 ಮೈಲಿಗಿಂತ ಸ್ವಲ್ಪ ಜೋರಾಗಿ ಎಳೆಯಬೇಕು. ಆಳಕ್ಕೆ ಇಳಿಸಲು ಒಳಗೆ ಸೀಸದ ಎಳೆ ಇರುವ ದಾರ ಬಳಸುತ್ತಾರೆ. 10 ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುತ್ತದೆ, ಎಷ್ಟು ಬಣ್ಣ ಹೊರಬಿಟ್ಟಿದ್ದೀರಿ ಅಂತ ಎಣಿಸಿದರೆ ಆಳ ಗೊತ್ತಾಗುತ್ತದೆ. ಮೀನು ಚದುರಿದ್ದರೆ ಕ್ರ್ಯಾಂಕ್‌ಬೈಟ್, ಒಂದೇ ಕಡೆ ಸೇರಿದ್ದರೆ ಎರೆಹುಳು. ಎರಡೂ ಎಳೆಯುವ ಕೆಲಸವೇ ಆದ್ದರಿಂದ ಗಾಳ ಹಿಡಿದು ಅಭ್ಯಾಸ ಇಲ್ಲದವರೂ ಮೊದಲ ದಿನವೇ ಕಲಿಯುತ್ತಾರೆ.

ಈ ಹೊತ್ತಿನಲ್ಲಿ ದಾರಕ್ಕೆ ಹತ್ತಿಯ ಉಂಡೆಯಂಥದ್ದು ಮೆತ್ತಿಕೊಂಡು ಬಂದರೆ ಗಾಬರಿ ಬೇಡ. ಅದು ಸ್ಪೈನಿ ವಾಟರ್‌ಫ್ಲೀ ಅನ್ನುವ ಹೊರಗಿನಿಂದ ಬಂದು ಸೇರಿದ ಪುಟ್ಟ ಜೀವಿ. ದಾರ ಒರೆಸಿ ಮುಂದುವರಿಸಿ. ಆದರೆ ಅದನ್ನು ಇನ್ನೊಂದು ಲೇಕ್‌ಗೆ ಹೊತ್ತೊಯ್ಯಬೇಡಿ. ದೋಣಿ ಮೇಲೆತ್ತಿದ ಮೇಲೆ ಬುಡದ ಪ್ಲಗ್ ತೆಗೆದು ನೀರೆಲ್ಲ ಬಸಿಯುವುದು ಮಿನೆಸೋಟದಲ್ಲಿ ಕಾನೂನು.

ಇನ್ನು ಊಟದ ವಿಷಯ. ವಾಲೈನ ಮಾಂಸ ಬಿಳಿ, ಮೆದು, ಮೀನಿನ ವಾಸನೆ ಕಡಿಮೆ. ಸರಿಯಾಗಿ ಹೋಳು ತೆಗೆದರೆ ಮುಳ್ಳಿನ ಕಾಟವಿಲ್ಲ. ಅಲ್ಲಿನವರು ದ್ವೀಪದ ದಡದಲ್ಲಿ ಒಲೆ ಹೂಡಿ, ಕಬ್ಬಿಣದ ಬಾಣಲೆಯಲ್ಲಿ ಹಂದಿಕೊಬ್ಬಿನಲ್ಲಿ ಕರಿದು, ಆಲೂಗಡ್ಡೆ ಈರುಳ್ಳಿ ಜೊತೆ ತಿನ್ನುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೂ ನನ್ನ ಓಟು ರವಾ ಫ್ರೈಗೆ. ಖಾರದಪುಡಿ, ಅರಿಶಿನ, ಬೆಳ್ಳುಳ್ಳಿ, ಹುಣಸೆ ರಸ, ಉಪ್ಪು ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕಿ. ಹೋಳು ತೆಳು, ಬೇಗ ಬೇಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಒಣಗಿಹೋಗುತ್ತದೆ. ಮಸಾಲೆ ಡಬ್ಬಿ ಮನೆಯಿಂದಲೇ ಒಯ್ಯಿರಿ, ಬಾಡೆಟ್‌ನಲ್ಲಿ ಹುಡುಕಬೇಡಿ.

ದೊಡ್ಡ ಮೀನು ಸಿಕ್ಕರೆ ತಿನ್ನಲು ಇಟ್ಟುಕೊಳ್ಳಬೇಕು ಅನ್ನುವ ಆಸೆ ಬಿಡಿ. ಸಣ್ಣ ವಾಲೈಯೇ ರುಚಿ, ಪಾದರಸದ ಅಂಶವೂ ಅದರಲ್ಲಿ ಕಡಿಮೆ. ಗರ್ಭಿಣಿಯರು ಮತ್ತು ಮಕ್ಕಳು ಎಷ್ಟು ತಿನ್ನಬಹುದು ಅಂತ ಮಿನೆಸೋಟದ ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ, ನೋಡಿಕೊಳ್ಳಿ. ಹೇಗೂ ಈ ಸರೋವರದ ಮಿನೆಸೋಟ ಭಾಗದಲ್ಲಿ 19.5ರಿಂದ 28 ಇಂಚಿನ ನಡುವಿನ ವಾಲೈಯನ್ನು ಬಿಡಲೇಬೇಕು ಅನ್ನುವ ನಿಯಮ ಜಾರಿಯಲ್ಲಿದೆ. ಅಳತೆಗಳು ಬದಲಾಗುತ್ತಿರುತ್ತವೆ, ಆ ವರ್ಷದ ಪುಸ್ತಿಕೆ ನೋಡಿಯೇ ಹೊರಡಿ.

ಬಿಡುವುದರಲ್ಲಿ ಒಂದು ಸಮಸ್ಯೆ ಇದೆ. ಇದನ್ನು ಹೆಚ್ಚಿನವರು ಹೇಳುವುದಿಲ್ಲ. ವಾಲೈನ ಹೊಟ್ಟೆಯಲ್ಲಿ ಗಾಳಿಚೀಲ ಇದೆ, ಅದಕ್ಕೂ ಬಾಯಿಗೂ ದಾರಿ ಇಲ್ಲ. 30 ಅಡಿ ಕೆಳಗಿನಿಂದ ಸರಸರ ಮೇಲೆಳೆದರೆ ಆ ಚೀಲ ಉಬ್ಬಿಕೊಳ್ಳುತ್ತದೆ, ಬಿಟ್ಟರೂ ಮೀನು ಕೆಳಗಿಳಿಯಲಾರದೆ ತೇಲುತ್ತದೆ. ಹಾಗಾಗಿ ಊಟಕ್ಕೆ ಬೇಕಾದಷ್ಟು ಸಿಕ್ಕ ಮೇಲೂ 32 ಅಡಿಯಲ್ಲೇ ನಿಂತು ಸುಮ್ನೆ ಹಿಡಿದು ಬಿಡುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ಸಾಕಾದ ಮೇಲೆ ಗಾಳ ಎತ್ತಿ, ಇಲ್ಲವೇ ಆಳ ಕಡಿಮೆ ಇರುವ ಕಡೆ ಹೋಗಿ.

ಮಸ್ಕಿ ಅಂದರೆ ಎಸೆಯುವುದು, ಮತ್ತೆ ಎಸೆಯುವುದು

ಇದನ್ನು ಹತ್ತು ಸಾವಿರ ಎಸೆತದ ಮೀನು ಅನ್ನುತ್ತಾರೆ. ಅಷ್ಟು ಬೇಕಾಗುವುದಿಲ್ಲ, ಆದರೆ ತಮಾಷೆಯ ಮಾತೂ ಅಲ್ಲ. ಎರಡು ಮೂರು ದಿನ ಹೊತ್ತು ಮೂಡುವುದರಿಂದ ಮುಳುಗುವ ತನಕ ಎಸೆದು, ಒಂದೂ ಹಿಡಿಯದೆ ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರು ಅದನ್ನು ಸೋಲು ಅಂತ ನೋಡುವುದೂ ಇಲ್ಲ. 'ಮೂರು ಮೀನು ಹಿಂದೆ ಬಂದವು' ಅಂತ ಸಂಭ್ರಮದಿಂದ ಹೇಳುತ್ತಾರೆ.

ಹಿಂದೆ ಬರುವುದು ಅಂದರೆ ಏನು? ಮಸ್ಕಿಗೆ ಒಂದು ಚಾಳಿ. ಲೂರ್‌ನ (ಮೀನನ್ನು ಸೆಳೆಯುವ ನಕಲಿ ಗೊಂಬೆಯ) ಹಿಂದೆಯೇ ದೋಣಿಯವರೆಗೂ ಬರುತ್ತದೆ, ಕಚ್ಚುವುದಿಲ್ಲ. ನಾಲ್ಕು ಅಡಿ ಉದ್ದದ ಮೀನು ನಿಮ್ಮ ಕಾಲಬುಡದ ನೀರಿನಲ್ಲಿ ನಿಂತು ನೋಡುತ್ತದೆ. ಆಗ ಲೂರ್ ಮೇಲೆತ್ತಿದರೆ ಮುಗಿಯಿತು. ಕೋಲಿನ ತುದಿಯನ್ನು ನೀರಿಗೆ ಅದ್ದಿ ದೊಡ್ಡದಾಗಿ 8 ಬರೆದಂತೆ ಸುತ್ತಿಸಬೇಕು. ಎಷ್ಟೋ ಮಸ್ಕಿಗಳು ಕಚ್ಚುವುದು ಆ ಸುತ್ತಿನಲ್ಲೇ. ಪ್ರತಿ ಎಸೆತದ ಕೊನೆಗೂ, ಮೀನು ಕಂಡರೂ ಕಾಣದಿದ್ದರೂ, ಇದನ್ನು ಮಾಡಬೇಕು. ಮಧ್ಯಾಹ್ನ ಮೂರು ಗಂಟೆಗೆ ಭುಜ ನೋಯುತ್ತಿರುವಾಗ ಸೋಮಾರಿತನ ಬರುವುದು ಇಲ್ಲೇ, ಮೀನು ಬರುವುದೂ ಆಗಲೇ.

ಸಾಮಾನಿನ ವಿಷಯದಲ್ಲಿ ಎರಡು ಮೀನಿಗೂ ಹೋಲಿಕೆಯೇ ಇಲ್ಲ. ವಾಲೈಗೆ ಮನೆಯಲ್ಲಿರುವ ಸಾದಾ ಕೋಲು, 10 ಪೌಂಡ್ ದಾರ ಸಾಕು. ಮಸ್ಕಿಗೆ ಎಂಟೂವರೆ, ಒಂಬತ್ತು ಅಡಿಯ ದಪ್ಪ ಕೋಲು, 80ರಿಂದ 100 ಪೌಂಡ್ ತಡೆಯುವ ಹೆಣೆದ ದಾರ, ಲೂರ್‌ನ ಮುಂದೆ ಕಟ್ಟುವ, ಹಲ್ಲಿಗೆ ತುಂಡಾಗದ ಲೀಡರ್ ಅನ್ನುವ ಗಟ್ಟಿ ಎಳೆ ಬೇಕು. ಒಂದೊಂದು ಲೂರ್‌ಗೆ 20 ಡಾಲರ್ ಮೇಲೆಯೇ ಬೀಳುತ್ತದೆ. ಜೊತೆಗೆ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆ ಕತ್ತರಿಸುವ ಗಟ್ಟಿ ಕಟರ್. ಕೊನೆಯ ಮೂರು ಇಲ್ಲದೆ ಮಸ್ಕಿಗೆ ಹೋಗಲೇಬೇಡಿ. ಮೂರು ಮುಳ್ಳಿನ ಕೊಕ್ಕೆಗಳು ಮೀನಿನ ಬಾಯಲ್ಲಿ ಅರ್ಧ, ನಿಮ್ಮ ಅಂಗೈಯಲ್ಲಿ ಅರ್ಧ ಸಿಕ್ಕಿಕೊಂಡಾಗ ಆ ಕಟರ್ ಒಂದೇ ದಾರಿ. ಹೊಸಬರು ಇಷ್ಟೆಲ್ಲ ಕೊಳ್ಳುವ ಬದಲು ಮೊದಲ ಸಲ ಗೈಡ್ ಜೊತೆ ಹೋಗುವುದು ಒಳ್ಳೆಯದು. ಸಾಮಾನೂ ಅವರದೇ, ಯಾವ ಬಂಡೆಯ ಬಳಿ ಮೊನ್ನೆ ಮೀನು ಕಂಡಿತ್ತು ಅನ್ನುವುದೂ ಅವರಿಗೇ ಗೊತ್ತು.

ಮಸ್ಕಿಯನ್ನು ಯಾರೂ ತಿನ್ನಲು ಹಿಡಿಯುವುದಿಲ್ಲ. ಮಿನೆಸೋಟದ ಒಳನಾಡಿನ ಲೇಕ್‌ಗಳಲ್ಲಿ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅದಕ್ಕಿಂತ ದೊಡ್ಡದು ಸಿಕ್ಕಿದವರೂ ಬಹುತೇಕ ಬಿಟ್ಟೇ ಬಿಡುತ್ತಾರೆ. 50 ಇಂಚು ಮುಟ್ಟಲು ಮಸ್ಕಿಗೆ ಹದಿನೈದು ವರ್ಷದ ಮೇಲೂ ಬೇಕಾಗಬಹುದು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ಕಡೆ ಹಿಂದೆ ಮಹಶೀರ್ ಹಿಡಿದು ಫೋಟೋ ತೆಗೆದು ಬಿಡುತ್ತಿದ್ದವರ ಮಾತು ಕೇಳಿದ್ದರೆ ಈ ಮನಸ್ಸು ನಿಮಗೆ ಹೊಸದಲ್ಲ. ನಮ್ಮಲ್ಲಿ ಸಸ್ಯಾಹಾರಿ ಗೆಳೆಯರು 'ಬಿಡೋದಾದರೆ ಬರ್ತೀನಿ' ಅನ್ನುವುದುಂಟು. ಕೊಕ್ಕೆ ಚುಚ್ಚುವುದು ಚುಚ್ಚುವುದೇ, ಆ ಲೆಕ್ಕ ಅವರವರಿಗೆ ಬಿಟ್ಟಿದ್ದು.

ಆಗಸ್ಟ್‌ನಲ್ಲಿ ಒಂದು ಎಚ್ಚರಿಕೆ. ನೀರಿನ ಬಿಸಿ 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಮಸ್ಕಿ ಕೆಲಸ ನಿಲ್ಲಿಸಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ದಣಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯುತ್ತದೆ. ಹಿಡಿದ ಮೀನನ್ನು ಬಲೆಯೊಳಗೆ, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಫೋಟೋಗೆ ಎತ್ತುವುದಾದರೆ ಅಡ್ಡಲಾಗಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಕೆಲವೇ ಸೆಕೆಂಡು. ಕಿವಿರಿನಿಂದ ನೇತುಹಾಕಬೇಡಿ.

ಎಷ್ಟು ದೊಡ್ಡದಾಗಬಹುದು? 2021ರ ನವೆಂಬರ್‌ನಲ್ಲಿ ಮಿನೆಸೋಟದ ಮಿಲ್ ಲ್ಯಾಕ್ಸ್ ಅನ್ನುವ ಲೇಕ್‌ನಲ್ಲಿ ಸಿಕ್ಕ ಮಸ್ಕಿ 55 ಪೌಂಡ್ 14.8 ಔನ್ಸ್ ತೂಗಿ, 1957ರಿಂದ ನಿಂತಿದ್ದ 54 ಪೌಂಡ್‌ನ ಮಿನೆಸೋಟ ದಾಖಲೆಯನ್ನು ಮುರಿಯಿತು. ಅದೇ ರಾಜ್ಯದ ವಾಲೈ ದಾಖಲೆ 1979ರದ್ದು, 17 ಪೌಂಡ್ 8 ಔನ್ಸ್.

ಸಂಜೆ ಯಾರಿಗೆ?

'ಹಗಲು ವಾಲೈ, ಸಂಜೆ ಮಸ್ಕಿ, ಎರಡೂ ಮಾಡೋಣ' ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಕೇಳಲು ಚೆಂದ. ಆದರೆ ಸೂರ್ಯ ಮುಳುಗುವ ಮುಂಚಿನ ಎರಡು ಗಂಟೆ ಎರಡೂ ಮೀನಿಗೆ ಒಳ್ಳೆಯ ಹೊತ್ತು. ಉತ್ತರದ ತಿಳಿನೀರಿನಲ್ಲಿ ಉಳಿದುಕೊಂಡರೆ ವಾಲೈ ಸರಿಯಾಗಿ ಕಚ್ಚುವುದೂ ಆಗ, ಮಸ್ಕಿ ಬಂಡೆ ಮೇಲೆ ಬರುವುದೂ ಆಗ. ಒಂದನ್ನು ಬಿಡಲೇಬೇಕು. ಅಲ್ಲಿ ನಾನಾದರೆ ಸಂಜೆಯನ್ನು ಮಸ್ಕಿಗೆ ಕೊಟ್ಟು, ಊಟಕ್ಕೆ ಬೇಕಾದ ನಾಲ್ಕು ವಾಲೈಯನ್ನು ಬೆಳಗ್ಗೆ ಬೇಗ ಎದ್ದು ಹಿಡಿಯುತ್ತೇನೆ.

ದಕ್ಷಿಣದಲ್ಲಿ ಹಗಲಿಡೀ ವಾಲೈ ಕಚ್ಚುವುದರಿಂದ ಸಂಜೆ ಖಾಲಿ ಇರುತ್ತದೆ. ಆದರೆ ಹತ್ತಿರದಲ್ಲಿ ಒಳ್ಳೆಯ ಮಸ್ಕಿ ಜಾಗ ಇಲ್ಲ. ಆ ಸಂಜೆಯನ್ನು ಜ಼ಿಪಲ್ ಬೇ ಸ್ಟೇಟ್ ಪಾರ್ಕಿನ ಮರಳಿನ ದಡಕ್ಕೆ ಕೊಡಿ.

ಜೊತೆಗೆ ಯಾರಿದ್ದಾರೆ, ಗಾಳಿ ಎಲ್ಲಿಂದ

ಮಕ್ಕಳು, ಅಪ್ಪ ಅಮ್ಮ ಇದ್ದರೆ ಯೋಚನೆಯೇ ಬೇಡ. ದಕ್ಷಿಣ ದಡದಲ್ಲಿ ಚಾರ್ಟರ್ ದೋಣಿ ಹಿಡಿಯಿರಿ. ಆರು ಜನರವರೆಗೆ ಕೂರಬಹುದು, ಕ್ಯಾಪ್ಟನ್ ಇರುತ್ತಾರೆ, ಹಲವು ದೋಣಿಗಳಲ್ಲಿ ಶೌಚಾಲಯವೂ ಇದೆ. ಬುಕ್ ಮಾಡುವಾಗ ಇದನ್ನು ಕೇಳಲು ಮರೆಯಬೇಡಿ. ಚಾರ್ಟರ್ ಆದರೂ 16 ತುಂಬಿದ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ಮಸ್ಕಿ ದೋಣಿಯಲ್ಲಿ ಮೂರು ಜನಕ್ಕಿಂತ ಹೆಚ್ಚು ಬೇಡ. ಮೂರು ಮುಳ್ಳಿನ ಕೊಕ್ಕೆಗಳು ತಲೆಯ ಪಕ್ಕದಲ್ಲಿ ಹಾರಾಡುವ ಕಡೆ ಮಕ್ಕಳಿಗೆ ಕೆಲಸವಿಲ್ಲ.

ಇಬ್ಬರೇ ಗೆಳೆಯರು, ಒಬ್ಬರಿಗಾದರೂ ಗಾಳದ ಹುಚ್ಚು ಇದೆ, ಪೂರ್ತಿ ನಾಲ್ಕು ದಿನ ಇದೆ, ಬರಿಗೈಯಲ್ಲಿ ಬಂದರೂ ಮುಖ ಊದಿಸಿಕೊಳ್ಳುವುದಿಲ್ಲ ಅಂದರೆ ಮಸ್ಕಿ. ಒಂದೇ ವಾರಾಂತ್ಯ ಅಂದರೆ ವಾಲೈ. ಮಿನಿಯಾಪೊಲಿಸ್‌ನಿಂದ ಬಾಡೆಟ್‌ಗೇ ಐದು ಗಂಟೆಯ ಡ್ರೈವ್ ಅಂತ ನೆನಪಿರಲಿ.

ಸಣ್ಣ ದೋಣಿ ಇರುವವರು ಬಿಗ್ ಟ್ರಾವರ್ಸ್‌ನ ಗಾಳಿಗೆ ಹೆದರಬೇಕು. ಆಳ ಕಡಿಮೆ ಇರುವ ಬಯಲು ನೀರು, ವಾಯವ್ಯದ ಗಾಳಿ ಎದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬರುತ್ತವೆ. ಮಂದ ಗಾಳಿ ವಾಲೈಗೆ ಒಳ್ಳೆಯದು, ನೀರಿನ ಮೇಲ್ಮೈ ಕದಡಿ ಬೆಳಕು ಒಳಗಿಳಿಯುವುದು ಕಡಿಮೆಯಾಗುತ್ತದೆ. ಜೋರಾದರೆ ದಡದಲ್ಲೇ ಇರಿ. ಉತ್ತರದ ದ್ವೀಪಗಳ ನಡುವೆ ಮರೆ ಸಿಗುತ್ತದೆ.

ಆಗಸ್ಟ್‌ನಲ್ಲಿ ದಕ್ಷಿಣ ಭಾಗದಲ್ಲಿ ನೀರು ಬಟಾಣಿ ಸಾರಿನಂತೆ ಹಸಿರಾಗುವುದುಂಟು. ಸಾದಾ ಪಾಚಿಯ ಥರ ಕಂಡರೂ ಅದು ನೀಲಿ-ಹಸಿರು ಪಾಚಿ ಅಂತ ಕರೆಯುವ, ವಿಷಕಾರಿ ಆಗಿರಬಹುದಾದ ಬ್ಯಾಕ್ಟೀರಿಯಾ. ವಾಲೈ ಆಗಲೂ ಸಿಗುತ್ತದೆ. ಆದರೆ ಮಕ್ಕಳನ್ನು ಆ ನೀರಿಗೆ ಇಳಿಸಬೇಡಿ, ನಾಯಿಗೆ ಕುಡಿಯಲು ಬಿಡಬೇಡಿ. ತಂಪು ಗಾಳಿ ಬೀಸಿ, ಮಾರನೇ ದಿನ ಆಕಾಶ ತೊಳೆದಂತೆ ನೀಲಿಯಾಗಿದ್ದರೆ ಎರಡೂ ಮೀನು ಬಾಯಿ ಮುಚ್ಚುತ್ತವೆ. ಆದರೆ ಮಸ್ಕಿ ಜಾಸ್ತಿ ಮುಚ್ಚುತ್ತದೆ.

ಗಡಿಯ ಗೊಡವೆಯೇ ಬೇಡ ಅನ್ನುವವರಿಗೆ

ಮಿನೆಸೋಟದ ಒಳಗೇ ಎರಡೂ ಮೀನು ಇರುವ ದೊಡ್ಡ ಲೇಕ್‌ಗಳಿವೆ. ಮಿಲ್ ಲ್ಯಾಕ್ಸ್ ಮಿನಿಯಾಪೊಲಿಸ್‌ಗೆ ಹತ್ತಿರ, ಸುಮಾರು 100 ಮೈಲಿ. ಭಾರೀ ಮಸ್ಕಿಗೆ ಹೆಸರಾದದ್ದು. ವಾಲೈ ಇಟ್ಟುಕೊಳ್ಳುವ ನಿಯಮ ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2016ರ ಬೇಸಿಗೆಯಲ್ಲಿ ಒಂದನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ರವಾ ಫ್ರೈ ಆಸೆ ಇದ್ದರೆ ಮೊದಲು ಅದನ್ನು ನೋಡಿ. ವರ್ಮಿಲಿಯನ್ ಅನ್ನುವುದು ದ್ವೀಪಗಳು ತುಂಬಿದ, ನೋಡಲು ಬಲು ಚೆಂದದ ಲೇಕ್. ಮಸ್ಕಿ ಅಲ್ಲಿಗೆ 1980ರ ದಶಕದಿಂದ ಬಿಟ್ಟು ಬೆಳೆಸಿದ್ದು.

ಒಂದೇ ರೂಮಿನಲ್ಲಿ ಉಳಿದು ಎರಡನ್ನೂ ನಿಜಕ್ಕೂ ಪ್ರಯತ್ನಿಸಬೇಕು ಅನ್ನುವವರಿಗೆ ನಾನು ಹೇಳುವುದು ಲೀಚ್ ಲೇಕ್. ಒಂದು ಲಕ್ಷ ಎಕರೆ ಮೀರಿದ ನೀರು, ಮಸ್ಕಿ ಅಲ್ಲಿನ ಮೂಲ ನಿವಾಸಿ. ರಾಜ್ಯದ ಬೇರೆ ಲೇಕ್‌ಗಳಿಗೆ ಬಿಡುವ ಮಸ್ಕಿ ಮರಿಗಳೂ ಇದೇ ತಳಿಯವು. ನೀರುಸಸಿಯ ಅಂಚಿನಲ್ಲಿ ಮಸ್ಕಿಗೆ ಎಸೆಯುವ ಜಾಗಕ್ಕೂ ವಾಲೈ ಎಳೆಯುವ ಬಂಡೆ ದಿಣ್ಣೆಗೂ ದೂರವಿಲ್ಲ. ವಾಕರ್ ಊರಿನಲ್ಲಿ ಉಳಿದುಕೊಳ್ಳಬಹುದು. ಸಾಧ್ಯವಾದರೆ ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ವಾರಾಂತ್ಯ ಬಿಟ್ಟು ಅದರ ಮುಂದಿನ ವಾರ ಹೋಗಿ. ಶಾಲೆಗಳು ಶುರುವಾಗಿರುತ್ತವೆ, ರೂಮು ಸುಲಭವಾಗಿ ಸಿಗುತ್ತದೆ, ದೋಣಿ ಇಳಿಸುವ ಕಡೆ ಸಾಲು ಇರುವುದಿಲ್ಲ.